ಹಡಪಸರದ ಖೋಲಿ, ಅಫಜಲಪುರದ ಬಾಣಂತನ

೧೨ ಅಕ್ಟೋಬರ್ ೧೯೮೬, ರವಿವಾರ. ಹಡಪಸರ, ಪುಣೆ

ಈ ಕಥೆ ಮೊದಲು ಹೇಳಿದವರು ನಮ್ಮ ಬಾಡಿಗೆ ಖೋಲಿಯ ಮಾಲಕಿಣಬಾಯಿ. ಇವತ್ತು ಬೆಳಿಗ್ಗೆ, ನಳದ ಹತ್ತಿರ, ನನ್ನ ಕೊಡ ಅರ್ಧ ತುಂಬಿದ್ದಾಗ. ನಗುನಗುತ್ತಲೇ ಹೇಳಿದರು. ನಮಗಿಂತ ಮೊದಲು ಈ ಖೋಲಿಯಲ್ಲಿ ಸಾತಾರಾ ಕಡೆಯ ಗಂಡ ಹೆಂಡತಿ ಇದ್ದರಂತೆ. ಒಳ್ಳೆಯ ಜನ. ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಗಂಡ ಒಬ್ಬನೇ ಉಳಿದ. ಒಬ್ಬ ಗೆಳೆಯ ಊಟಕ್ಕೆ ಬಂದ, ಆಮೇಲೆ ಮಲಗಲು ಬಂದ, ಆಮೇಲೆ ಅವನ ತಮ್ಮನೂ ಬಂದ. ಇಸ್ಪೀಟು, ಬೀಡಿ, ಗದ್ದಲ... ಮಾಲಕರು ಹೇಳುವಷ್ಟು ಹೇಳಿ ನೋಡಿದರು. ಕೂಸು ಎತ್ತಿಕೊಂಡು ಹೆಂಡತಿ ತಿರುಗಿ ಬಂದಾಗ ಅವಳ ಪಾತ್ರೆಗಳು ಹೊರಗೆ ಕಟ್ಟೆಯ ಮೇಲಿದ್ದವು. ಒಳಗೆ ಬೇರೆ ಫ್ಯಾಮಿಲಿ.

ಆ ಬೇರೆ ಫ್ಯಾಮಿಲಿ ನಾವೇ ಏನು ಎಂದು ಕೇಳಿದೆ. ಅವರು ನನ್ನ ಹೊಟ್ಟೆ ನೋಡಿದರು. ಕೊಡ ತುಂಬಿ ಚೆಲ್ಲುತ್ತಿತ್ತು.

ನಾವು ಸಾಮಾನು ಇಳಿಸಿದ ದಿನ ಕಟ್ಟೆಯ ಮೇಲೆ ಒಂದು ಬುಟ್ಟಿ ಪಾತ್ರೆ ಇತ್ತು. ನೆನಪಿದೆ. ಯಾರದು ಎಂದು ಕೇಳಿರಲಿಲ್ಲ.

೧೪ ಅಕ್ಟೋಬರ್, ಮಧ್ಯಾಹ್ನ

ಇವರಿಗೆ ಹೇಳಿದೆ. (ಬಾಯಿಂದ ಹೆಸರು ಹೇಳುವುದಿಲ್ಲ, ಇಲ್ಲಿ ಬರೆದರೆ ಯಾರಿಗೆ ಗೊತ್ತಾಗಬೇಕು — ಶ್ರೀಪಾದ.) ಸೆಕೆಂಡ್ ಶಿಫ್ಟಿಗೆ ಹೊರಟಿದ್ದರು, ಒಂದು ಕಾಲಲ್ಲಿ ಬೂಟು. ಹಾಗೇ ಕೂತುಬಿಟ್ಟರು.

ಗೊತ್ತಿದ್ದದ್ದೇ. ಖೋಲಿ ಕೊಡುವಾಗಲೇ ಮಾಲಕರು ಹೇಳಿದ್ದರು — ಫ್ಯಾಮಿಲಿಗೆ ಮಾತ್ರ, ಬ್ಯಾಚಲರ್‌ಗೆ ಇಲ್ಲ. ಮನೆಯಲ್ಲಿ ಹೆಣ್ಣುಮಗಳು ಇರಲೇಬೇಕು. ಅಗ್ರಿಮೆಂಟು ಹನ್ನೊಂದು ತಿಂಗಳದು. ಜನವರಿ ಕೊನೆಗೆ ಮುಗಿಯುತ್ತದೆ. ನನಗೆ ದಿನ ತುಂಬುವುದೂ ಜನವರಿಯಲ್ಲಿ. ಹೆಂಡತಿ ತವರಿಗೆ ಹೋದಳೆಂದರೆ ಗಂಡ ಮತ್ತೆ ಬ್ಯಾಚಲರ್ — ಇದು ಪುಣೆಯ ಲೆಕ್ಕ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಐದು ತಿಂಗಳು ಬಾಣಂತನ ಮುಗಿಯದೆ ತಿರುಗಿ ಕಳಿಸುವುದಿಲ್ಲ — ಇದು ಅಫಜಲಪುರದ ಲೆಕ್ಕ, ನನ್ನ ಅವ್ವನದು. ಎರಡರ ನಡುವೆ ನಾನು, ನನ್ನ ಹೊಟ್ಟೆ.

ಮದುವೆಯಾಗಿ ಒಂದೂವರೆ ವರ್ಷ ಆಳಂದದಲ್ಲಿ ಅತ್ತೆಯವರ ಮನೆಯಲ್ಲೇ ಇದ್ದೆ. ಇವರು ಇಲ್ಲಿ ಕಾಟ್ ಬೇಸಿಸ್ ಮೇಲೆ. ಅಂದರೆ ಒಂದು ಮಂಚ, ಹಗಲು ಒಬ್ಬ ಮಲಗುತ್ತಾನೆ, ರಾತ್ರಿ ಇನ್ನೊಬ್ಬ. ಹಬ್ಬಕ್ಕೊಮ್ಮೆ ಬರುತ್ತಿದ್ದರು. ಒಂದು ಸಲ ಬಾಗಿಲಲ್ಲಿ ನಿಂತಾಗ ನನಗೇ ಗುರುತು ಹತ್ತಲಿಲ್ಲ, ಮೀಸೆ ಬಿಟ್ಟಿದ್ದರು. ಪಗಾರದ ಅರ್ಧ ಈ ಖೋಲಿಯೇ ತಿನ್ನುತ್ತದೆ, ಡಿಪಾಜಿಟ್‌ಗೆ ನನ್ನ ಬಂಗಾರದ ಪಾಟಲಿ ಹೋದವು. ಹೋಗಲಿ. ಖೋಲಿ ಹೋದರೆ ಮತ್ತೆ ಇವರು ಮಂಚಕ್ಕೆ, ನಾನು ಆಳಂದಕ್ಕೆ. ಈ ಸಲ ಕೂಸಿನ ಜೊತೆ. ಅಪ್ಪ ಯಾರು ಎಂದು ಅದಕ್ಕೆ ತೋರಿಸಿಕೊಡಬೇಕಾಗುತ್ತದೆ.

ಬೂಟು ಕಟ್ಟಿಕೊಂಡು ಹೋದರು. ಡಬ್ಬಿ ಇಲ್ಲೇ ಮರೆತಿದ್ದಾರೆ.

೬ ನವೆಂಬರ್

ದೀಪಾವಳಿ ಆಯಿತು. ದಾರಿಯೂ ಒಂದು ಸಿಕ್ಕಿತು. ಅತ್ತೆಯವರು — ಸರಸ್ವತಿಬಾಯಿ — ಆಳಂದದಿಂದ ಬಂದು ಇಲ್ಲಿ ಇರುತ್ತಾರೆ. ಮನೆಯಲ್ಲಿ ಹೆಣ್ಣುಮಗಳು ಬೇಕು ತಾನೆ? ಅತ್ತೆಯವರೂ ಹೆಣ್ಣುಮಗಳೇ.

ಮಾಲಕಿಣಬಾಯಿ ಒಪ್ಪಿದರು. ಆದರೆ ಮಾಲಕರ ಮಾತನ್ನು ಇನ್ನೊಮ್ಮೆ ನೆನಪಿಸಿದರು — ಖೋಲಿಗೆ ಕುಲೂಪ, ಅಂದರೆ ಬೀಗ, ಹಾಕಿಕೊಂಡು ಎಲ್ಲರೂ ಊರಿಗೆ ಹೋಗುವ ಹಾಗಿಲ್ಲ. ಮುಚ್ಚಿದ ಖೋಲಿ ಅಂದರೆ ಬಿಟ್ಟ ಖೋಲಿ. ಇವರು ಹೂಂ ಹೂಂ ಎಂದರು.

ಅತ್ತೆಯವರು ಸೊಲ್ಲಾಪುರ ದಾಟಿದ್ದು ಇದೇ ಮೊದಲು. ನಿನ್ನೆ ಬಂದವರೇ ನಿಂತಲ್ಲೇ ಸುತ್ತ ತಿರುಗಿ ಖೋಲಿ ನೋಡಿದರು. ಒಂದು ಸುತ್ತಿಗೆ ನೋಡುವುದು ಮುಗಿಯಿತು. "ಉಳದದ್ದು ಎಲ್ಲೈತಿ?" ಅಂದರು.

ಇವರು ನಕ್ಕರು. ಬಹಳ ದಿನಕ್ಕೆ ನಕ್ಕರು.

೨೩ ನವೆಂಬರ್. ಅಫಜಲಪುರ

ಬಂದು ವಾರವಾಯಿತು. ಅವ್ವ ನನ್ನನ್ನು ನೆಲಕ್ಕೆ ಕಾಲಿಡಲು ಬಿಡುತ್ತಿಲ್ಲ. ಅಪ್ಪ ಹೋದಮೇಲೆ ಈ ಮನೆಯಲ್ಲಿ ಅವಳೊಬ್ಬಳೇ. ಮಾತೆಲ್ಲ ಗಂಟು ಕಟ್ಟಿ ಇಟ್ಟಿದ್ದಳೇನೋ, ಬಿಚ್ಚುತ್ತಿದ್ದಾಳೆ. ಸಗಣಿ ಕುಳ್ಳು ತಟ್ಟಿ ಹಿತ್ತಲ ಗೋಡೆ ತುಂಬಿಸಿದ್ದಾಳೆ, ಬಾಣಂತಿಯ ನೀರು ಕಾಯಿಸಲು. ಒಲೆಯ ಹಂಡೆ ಹುಣಸೆಹಣ್ಣು ಹಚ್ಚಿ ಬೆಳಗಿದ್ದಾಳೆ. ಕೂಸು ಬರುವುದು ಜನವರಿಗೆ. ಅವಳಿಗೆ ಅದು ನಾಳೆ.

ಖೋಲಿಯ ಮಾತು ತೆಗೆದರೆ ಕಿವಿ ಕೇಳದವಳ ಹಾಗೆ ಎದ್ದು ಹೋಗುತ್ತಾಳೆ.

೮ ಡಿಸೆಂಬರ್

ಲಾಡ್ಲೆಸಾಬ ಬಂದಿದ್ದ. ನಮ್ಮ ಓಣಿಯವನೇ, ಲಾರಿ ಡ್ರೈವರ್. ತೊಗರಿಬೇಳೆ ಹೇರಿಕೊಂಡು ಪುಣೆ ಮಂಡಿಗೆ ಹೋಗುತ್ತಾನೆ. ಹಡಪಸರ ಅವನ ದಾರಿಯಲ್ಲೇ. ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು ಇವರಿಗೆ ಮುಟ್ಟಿಸಿ ಬಂದಿದ್ದ.

ಅವನು ಹೇಳಿದ್ದು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆಯವರು ಮಡಿ ಬಿಟ್ಟಿಲ್ಲ. ಕತ್ತಲಿರುವಾಗಲೇ ಎದ್ದು, ಯಾರೂ ಮುಟ್ಟುವ ಮೊದಲು, ನಳವನ್ನು ಬೂದಿ ಹಚ್ಚಿ ತಿಕ್ಕಿ ತೊಳೆಯುತ್ತಾರಂತೆ. ನಳ ಬರುವುದೇ ಒಂದು ತಾಸು. ಅದರಲ್ಲಿ ಕಾಲು ಪಾಲು ನಳಕ್ಕೇ ಸ್ನಾನ. ವಾಡೆಯ ಎಲ್ಲ ಖೋಲಿಗಳ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿರುತ್ತಾರೆ. ಅತ್ತೆಯವರಿಗೆ ಮರಾಠಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಜಗಳ ಮಾತ್ರ ಎರಡೂ ಕಡೆ ಚೆನ್ನಾಗಿ ತಿಳಿಯುತ್ತದಂತೆ.

"ಮಾಲಕಿಣಬಾಯಿ ಮ್ಯಾಲ ಗ್ಯಾಲರ್ಯಾಗ ನಿಂತು ನೋಡಾಕತ್ತಿದ್ರು ಬಾಯಾರ," ಅಂದ ಲಾಡ್ಲೆಸಾಬ. "ಏನೂ ಅನ್ನಲಿಲ್ಲ. ಅದೇ ನನಗ ಛಲೋ ಅನಸಲಿಲ್ಲ."

ಅವ್ವ ಅವನಿಗೆ ಚಹಾ ಕೊಟ್ಟಳು. ಬೀಗತಿಯ ಸುದ್ದಿ ಕೇಳಿ ಸ್ವಲ್ಪ ಖುಷಿಯೂ ಆದಂತಿತ್ತು.

೩೦ ಡಿಸೆಂಬರ್

ಇವರ ಕಾಗದ. ಮಾಲಕರು ಹೊಸ ಅಗ್ರಿಮೆಂಟಿನ ಮಾತು ಎತ್ತುತ್ತಿಲ್ಲ. ಎದುರು ಸಿಕ್ಕರೆ ಬೇರೆ ಕಡೆ ನೋಡುತ್ತಾರೆ. ಪಕ್ಕದ ಖೋಲಿಗೆ ಹೊಸ ಜನ ಬಂದರು, ಬಾಡಿಗೆ ನಮ್ಮದರ ಹತ್ತಿರ ಹತ್ತಿರ ಎರಡರಷ್ಟು. ಅವರೂ ಕೊಟ್ಟರು. ಕೊಡುವವರು ಇದ್ದೇ ಇರುತ್ತಾರೆ.

ಬೆನ್ನು ನೋವು. ಬರೆಯಲು ಆಗುತ್ತಿಲ್ಲ.

೧೫ ಜನವರಿ ೧೯೮೭

ಹೆಣ್ಣು. ಶುಕ್ರವಾರ ಹುಟ್ಟಿದಳು. ಮೂಗು ಇವರದೇ.

ಕೋಣೆಯಲ್ಲಿ ಹೊಗೆ, ಬೆಳ್ಳುಳ್ಳಿ, ಅಜವಾನದ ವಾಸನೆ. ಕಿವಿಗೆ ಹತ್ತಿ. ಕಿಟಕಿ ಮುಚ್ಚಿದೆ. ಅವ್ವ ಕಾಣದಾಗ ಬರೆಯುತ್ತಿದ್ದೇನೆ, ಕಣ್ಣಿಗೆ ಕೆಟ್ಟದ್ದಂತೆ.

೧೯ ಜನವರಿ, ಸಂಜೆ

ನಾಳೆ ತೊಟ್ಟಿಲು. ಅತ್ತೆಯವರು ಬಂದರು, ಕುಬಸದ ಖಣ ಹಿಡಿದುಕೊಂಡು. ಅಪ್ಪನ ತಾಯಿಯ ಕೈಯಿಂದಲೇ ಕೂಸು ತೊಟ್ಟಿಲು ಸೇರಬೇಕು, ಅದಕ್ಕೆ ಬರಲೇಬೇಕಿತ್ತು. ಅದು ಗೊತ್ತಿತ್ತು.

ಅವರ ಹಿಂದೆ ಇವರೂ ಬಂದರು.

ಖೋಲಿಯಲ್ಲಿ ಯಾರಿದ್ದಾರೆ ಎಂದೆ. ಅತ್ತೆಯವರು ಒಬ್ಬರೇ ಬಸ್ಸಿನಲ್ಲಿ ಬರಲು ಒಪ್ಪಲಿಲ್ಲವಂತೆ, ಅವರನ್ನು ಬಿಟ್ಟು ಇವತ್ತೇ ತಿರುಗಿ ಹೋಗುತ್ತೇನೆ ಎಂದರು ಇವರು. ಕೂಸನ್ನು ಎತ್ತಿಕೊಂಡರು. ಅದು ಇವರ ಬೆರಳು ಹಿಡಿಯಿತು. ಸಂಜೆಯ ಬಸ್ಸು ಹೋಯಿತು. ನಾನೂ ನೆನಪು ಮಾಡಲಿಲ್ಲ.

೨೧ ಜನವರಿ, ಸಂಜೆ

ತೊಟ್ಟಿಲು ಚೆನ್ನಾಗಿ ಆಯಿತು. ಇವರು ಇವತ್ತೂ ಹೋಗಲಿಲ್ಲ. ಬುಧವಾರ ಹೊರಡುವುದು ಬೇಡ ಎಂದು ಅತ್ತೆಯವರು.

ಈಗ ಲಾಡ್ಲೆಸಾಬ ಬಂದ. ಪುಣೆಯಿಂದ ನೇರವಾಗಿ. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತ. ಬಾಣಂತಿ ಕೋಣೆಯಿಂದ ಎಲ್ಲ ಕೇಳುತ್ತದೆ.

"ಶ್ರೀಪಾದಣ್ಣ, ನಿಮ್ಮ ಕುಲೂಪಿನ ಬಾಜೂಕ ಇನ್ನೊಂದು ಕುಲೂಪ ಹಾಕ್ಯಾರ."

ಮಂಡಿಯಲ್ಲಿ ಬೇಳೆ ಇಳಿಸಿ, ರೊಟ್ಟಿ ಗಂಟು ಕೊಡಲು ಹೋಗಿದ್ದಾನೆ. ಬಾಗಿಲಿಗೆ ಎರಡು ಕುಲೂಪ. ಹಳೆಯದು ನಮ್ಮದು, ಹೊಸದು ಮಾಲಕರದು. ಮಾಲಕರನ್ನು ಕೇಳಿದರೆ, ಆ ಜನ ಖೋಲಿ ಬಿಟ್ಟು ಹೋಗಿದ್ದಾರೆ, ಎರಡು ದಿನದಿಂದ ಮುಚ್ಚಿದೆ, ಬೇರೆ ಪಾರ್ಟಿ ಒಂದನೇ ತಾರೀಖಿಗೆ ಬರುತ್ತದೆ ಎಂದರಂತೆ. ಲಾಡ್ಲೆಸಾಬ ಬಾಗಿಲ ಸಂದಿಯಿಂದ ನೋಡಿದ್ದಾನೆ. ಸಾಮಾನು ಇನ್ನೂ ಒಳಗೇ ಇದೆ.

ಆಮೇಲೆ ಇವರ ದನಿ, ಬಹಳ ಸಣ್ಣದು — ಹೋಗಲಿ ಬಿಡ್ರಿ, ನಾ ಮತ್ತ ಕಾಟ್ ಮ್ಯಾಲ ಇರ್ತೇನಿ. ಉಮಾ ಕೂಸಿನ ಜೋಡಿ ಆಳಂದದಾಗ ಇರಲಿ. ಮುಂದ ನೋಡೋಣಂತ.

ಮುಂದೆ ಎಂದರೆ ಎಷ್ಟು ಎಂದು ನಮಗಿಬ್ಬರಿಗೂ ಗೊತ್ತು.

ಅತ್ತೆಯವರು ಹೇಳಿದರು, "ಬಾಣಂತಿ ಕೂಸು ಹೋಗಿ ಬಾಗಿಲದಾಗ ಕುಂತ್ರ ಯಾವ ಮಾಲಕ ಕುಲೂಪ ತೆಗ್ಯಾಂಗಿಲ್ಲೋ ನಾ ನೋಡ್ತೇನಿ."

ಅವ್ವ ತಂಬಿಗೆ ಕುಕ್ಕಿದ ಸದ್ದಾಯಿತು. ಹಸಿ ಮೈ, ಈ ಥಂಡಿಯಲ್ಲಿ, ಅಷ್ಟು ದೂರ? ಬೀಗತಿಗೆ ಬುದ್ಧಿ ಇದೆಯೇ? ಅತ್ತೆಯವರೂ ಬಿಡಲಿಲ್ಲ. ಅವ್ವ ಎಂದೂ ಕಂಡಿರದ ಖೋಲಿಯ ಬಗ್ಗೆ ಅವ್ವನಿಗೆ ಏನು ಗೊತ್ತು ಎಂದರು. ಇಬ್ಬರ ನಡುವೆ ಲಾಡ್ಲೆಸಾಬ — ನಾಳೆ ಬೆಳಿಗ್ಗೆ ಮತ್ತೆ ಪುಣೆಗೆ ಲೋಡ್ ಇದೆ, ಕ್ಯಾಬಿನ್ ಖಾಲಿ ಇಡುತ್ತೇನೆ, ಮುಂದಿನದು ನಿಮಗೆ ಬಿಟ್ಟದ್ದು ಎಂದು ಹೋದ.

ಕಡೆಗೆ ಇವರು ಕೋಣೆಯ ಬಾಗಿಲಿಗೆ ಬಂದು ನನ್ನನ್ನು ಕೇಳಿದರು. ನಾನು ಬರುತ್ತೇನೆ ಎಂದೆ. ಹೇಳಿದ ಮೇಲೆ ಕೂಸಿನ ಮುಖ ನೋಡಿದೆ. ಖೋಲಿಗಾಗಿ ಇದನ್ನು ಮುಂದೆ ಮಾಡಿ ಹಿಡಿಯುತ್ತಿದ್ದೇನೆ. ನೆಗಡಿ ಆದರೆ? ಜ್ವರ ಬಂದರೆ?

ಅವ್ವ ಆಗಿನಿಂದ ನನ್ನ ಜೊತೆ ಒಂದು ಮಾತೂ ಆಡಿಲ್ಲ. ನನ್ನ ಕಡೆ ನೋಡಿಯೂ ಇಲ್ಲ.

೨೨ ಜನವರಿ. ಸೊಲ್ಲಾಪುರ ದಾಟಿದ ಮೇಲೆ, ಲಾರಿಯಲ್ಲಿ

ಅಕ್ಷರ ಕುಣಿಯುತ್ತಿವೆ. ಬರೆದಿಡಲೇಬೇಕು.

ಬೆಳಿಗ್ಗೆ ಎಚ್ಚರವಾದದ್ದು ಗೋಡೆ ಕೆರೆಯುವ ಸದ್ದಿಗೆ. ಅವ್ವ ಹಿತ್ತಲ ಕುಳ್ಳು ಕಿತ್ತು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಅಜವಾನ, ಬೆಳ್ಳುಳ್ಳಿ, ಅಂಟಿನ ಉಂಡಿ, ಎಣ್ಣೆ ಎಲ್ಲ ಆಗಲೇ ಗಂಟಾಗಿದ್ದವು. ಒಲೆಯಿಂದ ಹಂಡೆ ಇಳಿಸಿದ್ದಳು, ತಳಕ್ಕೆ ಮಸಿ ಹಾಗೇ. ಅತ್ತೆಯವರು ಎದುರು ನಿಂತು, ಅಲ್ಲಿಯ ಮೋರಿಯಲ್ಲಿ, ಆ ಮೂಲೆ ಬಚ್ಚಲಲ್ಲಿ, ಇಷ್ಟು ದೊಡ್ಡ ಹಂಡೆ ಹಿಡಿಯುವುದಿಲ್ಲ ಎಂದರು. "ಮೋರಿ ನಾ ನೋಡ್ಕೋತೇನಿ. ನೀವು ಆ ಬಾಜೂ ಹಿಡೀರಿ," ಅಂದಳು ಅವ್ವ. ಇಬ್ಬರೂ ಹಿಡಿದರು.

ಮಗಳಿಗೆ ಕೂಸಾಗುವ ತನಕ ಅವಳ ಮನೆಯ ನೀರು ಕುಡಿಯಬಾರದು ಎಂದು ಅವ್ವ ಪುಣೆಗೆ ಒಮ್ಮೆಯೂ ಬಂದಿರಲಿಲ್ಲ. ಈಗ ಕೂಸಾಗಿದೆ. "ಬಾಣಂತನ ನಾ ಮಾಡತೇನಿ ಅಂದೀನಿ, ಮಾಡತೇನಿ. ಎಲ್ಲಿ ಅಂತ ಯಾರಿಗೂ ಹೇಳಿಲ್ಲಲ," ಅಂದಳು ನನಗೆ. ಇದೇ ಅವಳು ನಿನ್ನೆಯಿಂದ ನನ್ನ ಜೊತೆ ಆಡಿದ ಮೊದಲ ಮಾತು. ಮನೆಗೆ ಕುಲೂಪ ಹಾಕಿ, ಕೀಲಿಕೈ ಲಾಡ್ಲೆಸಾಬನ ಹೆಂಡತಿಗೆ ಕೊಟ್ಟಳು.

ಕ್ಯಾಬಿನ್ನಿನ ಕಿಟಕಿಗಳಿಗೆ ಕೌದಿ ಕಟ್ಟಿದ್ದಾಳೆ. ಒಳಗೆ ಕತ್ತಲೆ, ಡೀಸೆಲ್ ವಾಸನೆ. ಲಾಡ್ಲೆಸಾಬ ಬೀಡಿ ಸೇದುತ್ತಿಲ್ಲ. ಇವರು ಹಿಂದೆ ಬೇಳೆ ಚೀಲಗಳ ಮೇಲೆ, ಹಂಡೆ ಹಿಡಿದುಕೊಂಡು. ಕೂಸು ಅವ್ವನ ಎದೆಗೆ. ಗಳಿಗೆಗೊಮ್ಮೆ ಅದರ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಾಳೆ, ಉಸಿರು ಬಿಸಿ ಇದೆಯೇ ಎಂದು.

ಅದೇ ದಿನ. ಹಡಪಸರ, ಹೊತ್ತು ಇಳಿಯುವಾಗ

ಲಾರಿ ವಾಡೆಯ ಮುಂದೆ ನಿಂತಿದೆ. ನೀರು ಕಾಯುವ ತನಕ ನಾನು ಕೂಸು ಇಳಿಯಬಾರದು ಎಂದು ಅವ್ವನ ಅಪ್ಪಣೆ. ಗಾಜಿನಿಂದ ನೋಡುತ್ತ ಬರೆಯುತ್ತಿದ್ದೇನೆ. ಇವರು ಮಾಲಕರನ್ನು ಕಾಣಲು ಅವರ ಹಿಟ್ಟಿನ ಗಿರಣಿಗೆ ಓಡಿದ್ದಾರೆ. ಬಾಗಿಲಿಗೆ ಎರಡೂ ಕುಲೂಪ ಇವೆ. ಸಾಮಾನು ಹೊರಗೆ ಬಂದಿಲ್ಲ. ಅಷ್ಟು ಸಾಕು, ಸದ್ಯಕ್ಕೆ.

ಅವ್ವ ಕುಲೂಪಿನ ಕಡೆ ನೋಡಲೇ ಇಲ್ಲ. ಕಟ್ಟೆಯ ಮೇಲೆ ಕಲ್ಲು ಇಟ್ಟು ಒಲೆ ಹೂಡಿದಳು. ಅತ್ತೆಯವರು ಕುಳ್ಳು ಮುರಿದು ಕೊಡುತ್ತಿದ್ದಾರೆ. ಹೊಗೆ ಮೇಲಿನ ಗ್ಯಾಲರಿಗೆ ಏರುತ್ತಿದೆ. ವಾಡೆಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದಾರೆ. ನಳದಲ್ಲಿ ಈ ಹೊತ್ತು ನೀರಿಲ್ಲ, ಹಂಡೆ ಖಾಲಿ.

ಮಾಲಕಿಣಬಾಯಿ ಇಳಿದು ಬಂದರು. ಹೊಗೆ ನೋಡಿದರು, ಹಂಡೆ ನೋಡಿದರು, ಇತ್ತ ಲಾರಿಯ ಕಡೆ ನೋಡಿದರು. ನಾನು ಕೂಸಿಗೆ ಸೆರಗು ಮುಚ್ಚಿದೆ. ಏನೋ ಕೇಳುತ್ತಿದ್ದಾರೆ, ದನಿ ಜೋರಾಗಿದೆ. ಅವ್ವನಿಗೆ ಮರಾಠಿಯ ಒಂದಕ್ಷರ ಬರುವುದಿಲ್ಲ. ಕೈ ಮುಗಿಯಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಖಾಲಿ ಕೊಡ ಎತ್ತಿ ಅವರ ಮುಂದೆ ಹಿಡಿದಳು. ಹಿಡಿದೇ ನಿಂತಿದ್ದಾಳೆ.

ಮಾಲಕಿಣಬಾಯಿ ಕೊಡ ಇಸಿದುಕೊಂಡರು. ಮೆಟ್ಟಿಲು ಹತ್ತುತ್ತಿದ್ದಾರೆ, ತಮ್ಮ ಮನೆಯ ನೀರು ತುಂಬಲು. ಇವರು ಇನ್ನೂ ಬಂದಿಲ್ಲ, ಕುಲೂಪ ಇನ್ನೂ ಹಾಗೇ... ಕೂಸು ಎದ್ದಿತು, ಹಾಲಿಗೆ—