ಒಂಬತ್ತು ಕೆಂಪು ಚಿಂದಿ

ಸೋಮವಾರ, ನವೆಂಬರ್ 10. ಸಂಜೆ 6.30

ಒಂಬತ್ತು ಹಾಕಿದೆ, ಒಂಬತ್ತು ತೆಗೆದೆ.

ಸೋಪು ಹಚ್ಚಿ ಮೂರು ಸಲ ತೊಳೆದರೂ ಉಗುರಿನ ಕಪ್ಪು ಹೋಗಲಿಲ್ಲ. ಎಂಜಿನ್ ಬ್ಲಾಕಿಗೆ ಅಂಟಿದ ಹಳೇ ಗ್ಯಾಸ್ಕೆಟ್ ಪದರ ಕೆರೆಯುವಾಗ ಅದರ ಪುಡಿ, ಎಣ್ಣೆ ಹರಿಯುವ ತೂತುಗಳೊಳಗೆ ಬೀಳಬಾರದು. ಅದಕ್ಕೇ ಒಂದೊಂದಕ್ಕೂ ಚಿಂದಿ ತುರುಕುವುದು. ವರ್ಕ್‌ಶಾಪಿನಲ್ಲಿ ಮಿಕ್ಕವರದು ಬಿಳಿ ವೇಸ್ಟ್ ಬಟ್ಟೆ. ನನ್ನದು ಹಳೇ ಕೆಂಪು ಲಂಗ ಹರಿದದ್ದು — ಕಣ್ಣಿಗೆ ಹೊಡೆಯಲಿ ಅಂತ. ಸೂಪರ್‌ವೈಸರ್ ಶಶಿಕುಮಾರ್ ಸಾರ್‌ಗೆ ನಗು. "ಏನಮ್ಮ ದಾನೇಶ್ವರಿ, ಎಂಜಿನ್‌ಗೆ ದೃಷ್ಟಿ ತೆಗೀತಿದೀಯಾ?"

ನಗಲಿ. ಟ್ರೈನಿಂಗ್ ಇನ್ನು ಹದಿನೈದೇ ದಿನ. ಆಮೇಲೆ ಪರ್ಮನೆಂಟ್.

ನಾಳೆ ಬಸ್ಸಿನ ಬ್ಲಾಕ್. ನಮ್ಮ ರೂಮಿನ ಮಹಾದೇವಿಯನ್ನು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಒಯ್ಯುವ ಬಸ್ಸೇ ಅದು. "ಲಗೂನ ಮಾಡ್ರೆವ್ವಾ. ಸಿಟಿ ಬಸ್ಸಿನಾಗ ನಿಂತು ನಿಂತು ಕಾಲು ಸೋತಾವು" ಅಂತ ದಿನಾ ಗೋಳು.

ಮಂಗಳವಾರ, 11. ಸಂಜೆ 7

ಒಂಬತ್ತು ಹಾಕಿದೆ. ಎಂಟು…

ಇನ್ನೊಂದು ಸಲ ಎಣಿಸಿದೆ. ಎಂಟೇ.

ನಾಲ್ಕು ಗಂಟೆಗೆ ಚಿಂದಿ ತೆಗೆಯುತ್ತಿದ್ದೆ. ಕಂಪ್ರೆಸರ್ ಸದ್ದು. ಸಾರ್ ಬಾಗಿಲಿನಿಂದಲೇ ಏನೋ ಕೂಗಿದರು. ನನಗೆ ಕೇಳಿಸಿದ್ದು "…ಇವತ್ತೇ ಆಗ್ಬೇಕು" ಅಂತ. "ಆಯ್ತು ಸಾರ್" ಅಂದೆ. ಮಾಡುತ್ತೇನೆ ಅನ್ನುವ ಆಯ್ತು. ಅವರಿಗೆ ಅದು ಮುಗಿಯಿತು ಅನ್ನುವ ಆಯ್ತು. ಟೀ ಕುಡಿದು ಬರುವಷ್ಟರಲ್ಲಿ ಬ್ಲಾಕ್ ಎಂಜಿನ್ ಜೋಡಿಸುವ ಅಸೆಂಬ್ಲಿಗೆ ಹೋಗಿಯೇಬಿಟ್ಟಿತ್ತು. ಎಲ್ಲಾ ತೆಗೆದೇ ಎದ್ದಿದ್ದೆ ಅಂತ ನನ್ನ ನಂಬಿಕೆ; ಎಣಿಸುವುದು ಬಾಕಿ ಇತ್ತು. ರೂಮಿಗೆ ಬಂದು ಚಿಂದಿ ಒಗೆಯುವಾಗ ಗೊತ್ತಾಯಿತು.

ಎಲ್ಲೋ ನೆಲಕ್ಕೆ ಬಿದ್ದಿರುತ್ತದೆ. ಬಿದ್ದಿರಲಿ ದೇವರೇ.

ಬುಧವಾರ, 12

ಟ್ರೇ ನೋಡಿದೆ. ಕಸದ ಡಬ್ಬ, ಮೋರಿ, ಚಪ್ಪಲಿ ಸ್ಟ್ಯಾಂಡ್ ಕೂಡ. ಇಲ್ಲ.

ಅಸೆಂಬ್ಲಿಯ ಆಂಜಿನಪ್ಪಣ್ಣ ಆಗಲೇ ಬ್ಲಾಕಿಗೆ ಮುಚ್ಚಳದಂಥ ಹೆಡ್ ಕೂರಿಸಿ ಬೋಲ್ಟ್ ಬಿಗಿಯುತ್ತಿದ್ದರು. ಹತ್ತಿರ ಹೋಗಿ ನಿಂತೆ.

"ಏನವ್ವ?"

"ಏನಿಲ್ಲಣ್ಣ."

ಹೋದ ತಿಂಗಳು ಒಳಗೊಂದು ನಟ್ಟು ಬಿಟ್ಟವನನ್ನು ಅವತ್ತೇ ಮನೆಗೆ ಕಳಿಸಿದರು. ಬಿಳಿ ಬಟ್ಟೆಯಾದರೆ ಯಾರದೋ ಅನ್ನಬಹುದಿತ್ತು. ಕೆಂಪು ನನ್ನೊಬ್ಬಳದೇ. ಹೆದರಿ ಸಾಯುತ್ತಿದ್ದೇನೆ.

ಶುಕ್ರವಾರ, 14. ಬೆಳಿಗ್ಗೆ 7

ನಿನ್ನೆ ಬರೆಯಲಿಲ್ಲ. ಬರೆಯಲು ಏನಿತ್ತು? ಬಾಯಿ ಬಿಡಲಿಲ್ಲ, ಅಷ್ಟೆ.

ಮಹಾದೇವಿ ತಲೆ ಬಾಚುತ್ತಾ ಹಾಡುತ್ತಿದ್ದಾಳೆ. "ಸೋಮವಾರದಿಂದ ನಮ್ಮ ಬಸ್ಸ ಬರ್ತದಂತ! ಕಿಡಕ್ಯಾಗಿನ ಸೀಟ ನಂದ." ಐವತ್ತು ಹುಡುಗಿಯರು. ಫ್ಲೈಓವರ್ ಮೇಲೆ ಎಂಜಿನ್ ನಿಂತರೆ?

ಹತ್ತು ಗಂಟೆಗೆ ಎಂಜಿನ್ ಸ್ಟಾರ್ಟ್ ಮಾಡಿ ನೋಡುತ್ತಾರೆ.

ಶುಕ್ರವಾರ. ಮಧ್ಯಾಹ್ನ 3.40. ಕ್ಯಾಂಟೀನ್

ಬ್ಯಾಟರಿ ವೈರ್ ಕೊಟ್ಟಾಗಿತ್ತು. ಸಾರ್ ಬಟನ್ ಮೇಲೆ ಬೆರಳಿಟ್ಟರು. ಆಗ ಕಿರುಚಿದೆ.

"ಬ್ಯಾಡ್ರೀ! ಒಳಗ ನನ್ನ ಅರಿವಿ ಐತ್ರಿ!"

ನಮ್ಮ ಕಡೆಯ ಮಾತು, ಯಾರಿಗೂ ಅರ್ಥವಾಗಲಿಲ್ಲ. ಎಲ್ಲರೂ ಮುಖ ಮುಖ ನೋಡಿಕೊಂಡರು. "ಬಟ್ಟೆ ರೀ, ಬಟ್ಟೆ! ಎಣ್ಣೆ ತೂತಿನಾಗ!"

ಸಾರ್ ಕೈ ತೆಗೆದರು. ಆಂಜಿನಪ್ಪಣ್ಣ ನನ್ನನ್ನೇ ನೋಡಿದರು.

"ಮೂರು ದಿನ ಬಾಯಾಗೂ ಅದೇ ಬಟ್ಟೆ ತುರ್ಕೊಂಡಿದ್ಯೇನವ್ವ?"

ಬೋಲ್ಟ್ ಬಿಚ್ಚಿ ಹೆಡ್ ಎತ್ತಲು ಎರಡು ಗಂಟೆ. ಇರದಿರಲಿ ಅಂದುಕೊಂಡೆ, ಇಲ್ಲದಿದ್ದರೆ ಇನ್ನೂ ಕಷ್ಟ ಅಂತಲೂ ಅಂದುಕೊಂಡೆ. ಏಳನೇ ತೂತಿನಲ್ಲಿತ್ತು. ಬೆರಳುದ್ದ. ಮಸಿ ಹತ್ತಿ ಕಪ್ಪಗಾಗಿ ಒಳಕ್ಕೆ ಇಳಿದಿತ್ತು. ತುದಿಯಲ್ಲಿ ಮಾತ್ರ ಚೂರು ಕೆಂಪು.

"ಇಲ್ಲಿಂದ್ಲೇ ಮ್ಯಾಕ್ಕೆ ಎಣ್ಣೆ ಓಗೋದು" ಅಂದರು ಆಂಜಿನಪ್ಪಣ್ಣ. "ಓಗ್ದಿದ್ರೆ ಎಂಜಿನ್ನು ಓಡ್ತಾ ಓಡ್ತಾನೇ ಇಡ್ಕೊಂಡು ನಿಂತ್ಬುಡ್ತಿತ್ತು."

ಸಾರ್ ಹಾಳೆ ಕೊಟ್ಟಿದ್ದಾರೆ. "ಏನಾಯ್ತು ಅಂತ ಬರ್ದು ಕೊಡು. ನೀನು ಇರ್ತೀಯೋ ಇಲ್ವೋ, ಓನರ್ ಹೇಳ್ತಾರೆ." ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ. ನನ್ನ ಆಯ್ತನ್ನು ಅವರು ತಪ್ಪಾಗಿ ತಿಳಿದುಕೊಂಡರು ಅಂತ ಬರೆಯಬಹುದು. ಸುಳ್ಳಲ್ಲ. ಆದರೆ ಬುಧವಾರ ಬೋಲ್ಟ್ ಬಿಗಿಯುವಾಗ ಪಕ್ಕದಲ್ಲೇ ನಿಂತು "ಏನಿಲ್ಲಣ್ಣ" ಅಂದವಳು ನಾನು. ಅದನ್ನೇ ಬರೆಯುತ್ತೇನೆ.

ಈಗ ತಾನೇ ಆಂಜಿನಪ್ಪಣ್ಣ ಈ ಕಡೆ ಬಂದರು. ಮುಖ ಇನ್ನೂ ಊದಿಕೊಂಡೇ ಇದೆ. "ಆ ಕೆಂಪು ಬಟ್ಟೆ ಮಿಕ್ಕಿದ್ರೆ ನನ್ ಟೇಬಲ್‌ಗೂ ವಸಿ ಅರ್ದು ಮಡಗು" ಅಂದು ಹೊರಟೇಹೋದರು. ಅಳು ಬಂತು.

ಸಾರ್ ಬಾಗಿಲಲ್ಲಿ ನಿಂತಿದ್ದಾರೆ. "ದಾನೇಶ್ವರಿ, ಆಯ್ತಾ?"

ಇಲ್ಲ ಸಾರ್. ಇನ್ನೂ ಆಗಿ—