ಅಕ್ಕನ ಹೊರೆಗಲ್ಲು

ತೆರಕಣಾಂಬಿ ಹೋಬಳಿ,
ಗುಂಡ್ಲುಪೇಟೆ ತಾಲ್ಲೂಕು
4-3-2007

ಕಲ್ಲು ಕಂಪನಿಯ ಆಫೀಸರಮ್ಮ, ನನ್ನ ಮೊಮ್ಮಗಳು ಸುಧಾಮಣಿಗೆ, ಅಜ್ಜಿ ಮಲ್ಲಾಜಮ್ಮ ಮಾದಪ್ಪನನ್ನು ನೆನೆದು ಮಾಡುವ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಮಂಡಿ ಚೆನ್ನಾಗಿಲ್ಲ, ಅದರ ಸುದ್ದಿ ಬೇಡ. ಫೋನ್ ಇರುವಾಗ ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಿ ನಾನು ಒಂದು ಹೇಳುವಷ್ಟರಲ್ಲಿ ನೀನು ನಾಲ್ಕು ಹೇಳಿ, ‘ಸರಿ ಅಜ್ಜಿ, ಮೀಟಿಂಗ್ ಇದೆ’ ಅಂತ ಇಟ್ಟುಬಿಡುತ್ತೀಯ. ಕಾಗದಕ್ಕೆ ಅಡ್ಡ ಬಾಯಿ ಹಾಕಲಾಗುವುದಿಲ್ಲ. ಮೂರನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ಹೊಂದಿಸಿಕೊಂಡು ಓದು.

ನೀನು ಬರೆದದ್ದು ತಲುಪಿತು. ಸಂತೆ ದಾರಿಯ ಹೊರೆಗಲ್ಲಿನ ಸುತ್ತ ಕಂಪನಿ ಖರ್ಚಿನಲ್ಲಿ ಕಬ್ಬಿಣದ ಬೇಲಿ ಹಾಕಿ, ಹುಲ್ಲು ಬೆಳೆಸಿ, ಬೋರ್ಡು ನಿಲ್ಲಿಸುತ್ತೀರಂತೆ. ಯುಗಾದಿ ಕಳೆದ ಮೇಲೆ ನಿಮ್ಮ ದೊಡ್ಡ ಸಾಹೇಬರು ಬಂದು ಟೇಪು ಕತ್ತರಿಸುತ್ತಾರಂತೆ. ಬೋರ್ಡಿಗೆ ಆ ಕಲ್ಲಿನ ಕಥೆ ಬೇಕು, ಗೊತ್ತಿದ್ದರೆ ಹೇಳು ಅಜ್ಜಿ, ಅಂದಿದ್ದೀಯ. ಗೊತ್ತು. ಹೇಳುತ್ತೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಬೈಗುಳ ಆಮೇಲೆ. ನಿನ್ನ ಕೆಲಸದ ಹೆಸರು ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಕೇಳಿದವರಿಗೆ, ‘ಗಣಿಯೋರು ಊರ್ನ ಹಾಳ್ಮಾಡ್ದಂಗೆ ಕಾಯೋ ಕೆಲ್ಸ ಕಣಮ್ಮಿ’ ಅನ್ನುತ್ತೇನೆ. ‘ಗಣಿಯೋರತ್ರನೇ ಸಂಬ್ಳ ತಕ್ಕಂಡು ಗಣಿಯೋರ್ನೇ ಕಾಯದಾ?’ ಅಂತ ಪಕ್ಕದ ಮನೆ ಮಲ್ಲಿಗಮ್ಮ ನಗುತ್ತಾಳೆ. ನಗಲಿ. ನೀನು ಬಂದ ಮೇಲೆ ಲಾರಿ ದಾರಿಗೆ ನೀರು ಹೊಡೆಯುತ್ತಾರೆ, ನಮ್ಮ ಸಾರಿನಲ್ಲಿ ಕಲ್ಲುಪುಡಿ ಇಲ್ಲ. ಸ್ಕೂಲು ಬಿಡುವ ಹೊತ್ತಿನಲ್ಲಿ ಮದ್ದು ಸಿಡಿಸುವುದಿಲ್ಲ. ನೀನು ಮೇಲಿನವರ ಹತ್ತಿರ ಜಗಳ ಆಡಿ ಇದನ್ನೆಲ್ಲ ಮಾಡಿಸಿದೆ ಅಂತ ಗಣಿಯವರೇ ಹೇಳುತ್ತಾರೆ. ಆ ಬಾಯಿ ಯಾರ ಕಡೆಯಿಂದ ಬಂತೋ ಅಂತಲೂ ಹೇಳುತ್ತಾರೆ. ನನಗೆ ಹೆಮ್ಮೆಯೇ.

ಆದರೆ ಬಸ್ ಸ್ಟಾಪಿನಲ್ಲಿ ಹಾಕಿಸಿದ ಬೆಂಚು? ನೆರಳಿಲ್ಲದ ಕಡೆ ಕರಿಕಲ್ಲಿನ ಬೆಂಚು! ಮಧ್ಯಾಹ್ನ ಕುಳಿತ ಮಲ್ಲಿಗಮ್ಮ ‘ಅಯ್ಯಯ್ಯೋ, ಬೆಂದೋದೆ’ ಅಂತ ಎದ್ದವಳು ಬಸ್ಸು ಬರುವವರೆಗೂ ನಿಂತೇ ಇದ್ದಳು. ಈಗ ಅದರ ಮೇಲೆ ಹಪ್ಪಳ ಒಣಗುತ್ತದೆ. ನೀವು ಫೋಟೊ ತೆಗೆದದ್ದು ಬೆಳಗಿನ ತಂಪಿನಲ್ಲಿ.

ಈಗ ಹೊರೆಗಲ್ಲಿನ ವಿಷಯ. ಅದು ನನ್ನ ಅಕ್ಕ ದೊಡ್ಡಮಲ್ಲಮ್ಮನದು. ಚೊಚ್ಚಲ ಬಸುರಿ, ದಿನ ತುಂಬಿತ್ತು, ಹೆರಲಾಗದೆ ಹೋಗಿಬಿಟ್ಟಳು. ಹಾಗೆ ಹೋದವಳು ಹೊರೆ ಹೊತ್ತುಕೊಂಡೇ ಹೋದಳು ಅಂತ ಹಿರಿಯರು ಅನ್ನುತ್ತಿದ್ದರು. ಅವಳ ಹೆಸರಲ್ಲಿ ದಾರಿಗೊಂದು ಕಲ್ಲು ನಿಲ್ಲಿಸಬೇಕು. ದಾರಿಯವರು ಅದರ ಮೇಲೆ ತಲೆಹೊರೆ ಇಳಿಸಿದಾಗೆಲ್ಲ ಅವಳದೂ ಒಂದಿಷ್ಟು ಇಳಿಯುತ್ತದೆ. ನಮ್ಮಪ್ಪ ಕರಿಗುಡ್ಡದಿಂದ ಕಲ್ಲು ಸೀಳಿಸಿ ತಂದು, ಎರಡು ಕಂಬ ನೆಟ್ಟು, ತಲೆಯ ಎತ್ತರಕ್ಕೆ ಒಂದು ಚಪ್ಪಡಿ ಕೂರಿಸಿದ. ಇನ್ನೊಬ್ಬರ ಕೈ ಬೇಡ. ನಿಂತ ಹಾಗೇ ಹೊರೆಯನ್ನು ಚಪ್ಪಡಿಗೆ ಜಾರಿಸಬಹುದು, ದಣಿವಾರಿದ ಮೇಲೆ ಮತ್ತೆ ತಲೆ ಕೊಡಬಹುದು. ಆ ಗುಡ್ಡ ಈಗ ನಿಮ್ಮ ಗುಂಡಿ.

ಆ ದಾರಿಯನ್ನು ನೆನೆದರೆ ಈಗಲೂ ಮೂಗಿಗೆ ಅರಿಶಿನದ ವಾಸನೆ ಬರುತ್ತದೆ. ತೆರಕಣಾಂಬಿ ಸಂತೆಗೆ ಅವ್ವ ಅರಿಶಿನದ ಮೂಟೆ ಹೊತ್ತು ಮುಂದೆ, ನಾನು ಅವರೆಕಾಯಿಯ ಕುಕ್ಕೆ ಹೊತ್ತು ಹಿಂದೆ. ಕಲ್ಲು ಹತ್ತಿರವಾದಂತೆ ಅವ್ವನ ಕಾಲು ಜೋರಾಗುತ್ತಿತ್ತು. ಚಪ್ಪಡಿಗೆ ಮೂಟೆ ತಾಗಿಸುವಾಗ ಮೆಲ್ಲಗೆ, ‘ಮಲ್ಲೂ, ವಸಿ ಹಿಡ್ಕೊಳವ್ವ’ ಅನ್ನುತ್ತಿದ್ದಳು. ಮಗಳು ಎದುರಿಗೇ ನಿಂತ ಹಾಗೆ. ಆಮೇಲೆ ಸಿಂಬೆ ಬಿಚ್ಚಿ ಅದೇ ಬಟ್ಟೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಬೆವರೋ ಕಣ್ಣೀರೋ ನಾನು ಕೇಳಲಿಲ್ಲ. ಅಷ್ಟರಲ್ಲಿ ಊರಿನ ಹೆಂಗಸರೆಲ್ಲ ಬಂದು ಸೇರುತ್ತಿದ್ದರು. ಕಡ್ಲೆಪುರಿ ಹಂಚಿಕೆ, ಸೊಸೆಯರ ದೂರು, ಅತ್ತೆಯರ ದೂರು, ನಗು. ಸಂತೆಗಿಂತ ಅಲ್ಲೇ ಗದ್ದಲ ಹೆಚ್ಚು. ಅಕ್ಕ ಸತ್ತಳು ಅಂತ ನನಗೆ ಅನ್ನಿಸಿದ್ದೇ ಇಲ್ಲ. ದಾರಿಯಲ್ಲಿ ನಿಂತು ನಮಗೆ ಕಾಯುತ್ತಾಳೆ ಅಂದುಕೊಂಡೇ ಬೆಳೆದೆ.

ಟೆಂಪೋ, ಆಟೋ ಬಂದವು. ತಲೆ ನೋವು ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಅಕ್ಕನ ಮೇಲೆ ಯಾರೂ ಹೊರೆ ಇಳಿಸದೆ ವರ್ಷಗಳಾದವು. ಇನ್ನು ನೀನು ಬೇಲಿಯನ್ನೂ ಹಾಕುತ್ತೀಯ. ಬೇಲಿಯೊಳಗೆ ಮೂಟೆ ಇಳಿಸುವವರು ಯಾರು, ನಿಮ್ಮ ಸಾಹೇಬರಾ?

ನಮ್ಮ ಹುರುಳಿ ಹೊಲದ ಬದುವಿಗೆ ಹೊಂದಿಕೊಂಡು ಗಣಿಯ ಕಾಲುದಾರಿ ಇದೆಯಲ್ಲ, ಅಲ್ಲಿ ಹೋಗಿ ನಿಂತುಕೋ. ಗಣಿ ಕೆಲಸಕ್ಕೆ ಸೇಲಂ ಕಡೆಯಿಂದ ಬಂದ ಹೆಂಗಸರು ಬೋರ್‌ವೆಲ್ಲಿನಿಂದ ಗುಡಿಸಲಿನವರೆಗೆ ಏರು ದಾರಿಯಲ್ಲಿ ನೀರು ಹೊರುತ್ತಾರೆ. ನಡುವೆ ಕೊಡ ಇಳಿಸಲು ಒಂದು ತಾವಿಲ್ಲ. ಬಗ್ಗಿ ಇಳಿಸಿದರೆ ಎತ್ತಿಕೊಡಲು ಇನ್ನೊಬ್ಬರು ಬೇಕು. ಅವರಲ್ಲಿ ಸೆಲ್ವಿ ಅಂತ ಒಬ್ಬಳು. ಅವಳಿಗೆ ಅಕ್ಕನ ಕಲ್ಲಿನ ಸುದ್ದಿ ಹೇಳಿದೆ. ‘ಎಂಗ ಊರ್ಲೇಯುಂ ಇರುಕ್ಕು ಪಾಟಿ, ಸುಮೈತಾಂಗಿ’ ಅಂದಳು. ಅವರ ಊರಲ್ಲೂ ಇದೆಯಂತೆ, ಹೊರೆಗಲ್ಲಿಗೆ ಅವರು ಹಾಗನ್ನುತ್ತಾರಂತೆ. ಯಾವ ಊರಲ್ಲಿ ಹೆಣ್ಣು ಹಾಗೆ ಹೋಗಿಲ್ಲ ಹೇಳು.

ಅದಕ್ಕೇ ನಿನ್ನ ಅಪ್ಪಣೆ ಕೇಳುತ್ತಿದ್ದೇನೆ. ಆ ಕಲ್ಲನ್ನು ಕಿತ್ತು ನಮ್ಮ ಹೊಲದ ಬದುವಿನಲ್ಲಿ ನೆಡಲೇ? ಗುಡಿಸಲಿಗೇ ನಲ್ಲಿ ಹಾಕಿಸಬಹುದಲ್ಲ ಅನ್ನುತ್ತೀಯ. ಹಾಕಿಸು. ಆವತ್ತು ಅಕ್ಕನನ್ನು ಇನ್ನೆಲ್ಲಿ ಹೊರೆ ಇದೆಯೋ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಸಾಹೇಬರ ಕಾರ್ಯಕ್ರಮ ಕೆಟ್ಟರೆ ನಿನ್ನ ಕೆಲಸಕ್ಕೆ ಕಷ್ಟ ಅಂತ ನನಗೂ ತಿಳಿಯುತ್ತದೆ. ನಿಧಾನವಾಗಿ ಯೋಚಿಸಿ ಬರೆ. ಅವಸರವೇನಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಕಳೆದ ಸಲ ಬಂದಾಗ ನಿನ್ನ ಕೈ ಹಿಡಿದರೆ ಬರೀ ಬಳೆ ಸಿಕ್ಕಿತು.

ನಿನ್ನನ್ನು ಬೈಯಲು ಇನ್ನೂ ಬದುಕಿರುವ
ಅಜ್ಜಿ ಮಲ್ಲಾಜಮ್ಮ

ಕಾಗದ ಮಡಿಸುವ ಮುಂಚೆ ಇನ್ನೊಂದು ಮಾತು. ಅಪ್ಪಣೆ ಕೇಳಿದೆನಲ್ಲ, ಕಲ್ಲು ಮೊನ್ನೆ ಶುಕ್ರವಾರವೇ ಹೋಯಿತು. ಕ್ರೇನಿನ ಶಿವಮಲ್ಲು, ‘ಸುಧಕ್ಕಂಗೆ ಗೊತ್ತಾ ಅಜ್ಜಿ?’ ಅಂದ. ‘ಅವ್ಳೇ ಹೇಳವ್ಳೆ ಕಣ್ಲಾ, ಎತ್ತು’ ಅಂದೆ. ಅವನನ್ನು ಬೈಬೇಡ. ಬೇಲಿಗೆ ತಂದ ಕಂಬಿ ಅಲ್ಲೇ ಬಿದ್ದಿದೆ. ಅದರಲ್ಲಿ ಬಸ್ ಸ್ಟಾಪಿನ ಬೆಂಚಿಗೆ ಚಪ್ಪರ ಹಾಕಿಸು, ಸಾಹೇಬರು ಅಲ್ಲೇ ಟೇಪು ಕತ್ತರಿಸಲಿ. ಮೊದಲು ಕೊಡ ಇಳಿಸಿದವಳು ಸೆಲ್ವಿ. ಇಳಿಸುವಾಗ ಏನು ಅನ್ನಬೇಕು ಅಂತ ಕೇಳಿದಳು. ಅವ್ವ ಅನ್ನುತ್ತಿದ್ದುದನ್ನು ಹೇಳಿಕೊಟ್ಟೆ. ಅವಳು ಅವಳ ಮಾತಿನಲ್ಲೇ, ‘ಅಕ್ಕಾ, ಕೊಂಜಂ ಪುಡಿ’ ಅಂದಳು. ನಮ್ಮಕ್ಕನಿಗೆ ತಮಿಳು ಬರುತ್ತಿರಲಿಲ್ಲ. ಆದರೂ ಹಿಡಿದುಕೊಂಡಳು.