ಬಾಳುಗೊಂಬೆಯ ತೋಟ

ಕರಡಿಹಾಳ ವಾಡೆ
ಚೈತ್ರದ ನಲವತ್ತೊಂದನೆಯ ದಿನ, 2231

ನಮಗಿಂತ ಇನ್ನೂರು ವರ್ಷ ಮೊದಲು ಬದುಕಿರುವವರಿಗೆ ಶಂಕ್ರವ್ವನ ನಮಸ್ಕಾರ. ಬಿಸಿಲು ಮುಗಿಯದ ಕಾರಣ ನಮ್ಮ ಚೈತ್ರಕ್ಕೆ ದಿನಗಳನ್ನು ಸೇರಿಸಿದ್ದಾರೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಬೇಕು.

ಪಾಳುಬಿದ್ದಿದ್ದ ತಮ್ಮ ಹಿರಿಯರ ವಾಡೆಯನ್ನು ಇಂದುಧರ ದೇಸಾಯರು ಕಲ್ಲಿಗೆ ಕಲ್ಲು ಜೋಡಿಸಿ ಮತ್ತೆ ನಿಲ್ಲಿಸಿದರು. ಸುತ್ತ ಹೊಸ ತೋಟಗಳನ್ನು ರೂಪಿಸಲು ಮಂದಾಕಿನಿ ಎಂಬಾಕೆಯನ್ನು ಕರೆಸಿದರು. ಮಲ್ಲಿಗೆಯ ಚೌಕ, ದಾಳಿಂಬೆಯ ಸಾಲು, ನಡುವೆ ಕಮಲದ ಹೊಂಡ. ಮಹಡಿಯಿಂದ ನೋಡಿದರೆ ಹೊಂಡದ ಆಚೆ ನಮ್ಮ ಮನೆ ಕಣ್ಣಿಗೆ ಅಡ್ಡ ಬರುತ್ತಿತ್ತು. ಕೆಡವಲು ದೇಸಾಯರು ಜನರೊಂದಿಗೆ ಬಂದಾಗ ಮಂದಾಕಿನಿಯೇ ತಡೆದಳು. ಅಂಗಳದಲ್ಲಿ ಬೀಸುವ ಕಲ್ಲಿನ ಮುಂದೆ ಕೂತಿದ್ದ ನನ್ನ ಅವ್ವ ಗೌರವ್ವನನ್ನು ಬಹಳ ಹೊತ್ತು ನೋಡಿ, "ಈಕೀನ್ನ ಹಿಂಗ ಬಿಡ್ರಿ, ಧಣೇರ. ತೋಟಕ್ಕ ಜೀವ ಬರತೈತಿ," ಎಂದಳು. ಅವ್ವ ಕೈಮುಗಿದಳು. ಮಂದಾಕಿನಿ ದೇವರಂಥವಳೆಂದು ನಾವು ನಂಬಿದೆವು.

ಹೀಗೆ ಅವ್ವ ಬಾಳುಗೊಂಬೆಯಾದಳು. ಹಳೆಯ ಕಾಲ ತೋರಿಸಲು ತೋಟದಲ್ಲಿ ಕೂರಿಸುವ ಮನುಷ್ಯರನ್ನು ನಾವು ಹಾಗೆನ್ನುತ್ತೇವೆ. ಇಳಕಲ್ ಸೀರೆ ಕೊಟ್ಟರು, ದಿನಕ್ಕೆ ಎರಡು ಕೊಡ ಸಿಹಿನೀರು ಕೊಟ್ಟರು. ಪ್ರವಾಸಿಗರು ಇರುವಷ್ಟು ಹೊತ್ತು ಬೀಸಬೇಕು, ಮಾತಾಡಬಾರದು, ಏಳಬಾರದು. ಜೋಳ ಈಗ ಬೆಳೆಯುವುದಿಲ್ಲವಾದ್ದರಿಂದ ಕಲ್ಲಿಗೆ ಮರಳು ಹಾಕಿದರು. ಎದುರಿಗೇ ಹೊಂಡ ತುಂಬಿರುತ್ತಿತ್ತು. ಅದನ್ನೇ ನೋಡುತ್ತ ಅವ್ವ ಬಾಯಾರಿಕೊಂಡೇ ಮರಳು ಬೀಸುತ್ತಿದ್ದಳು.

ಒಂದು ಮಧ್ಯಾಹ್ನ ಕಲ್ಲಿನ ಮೇಲೆ ಬಾಗಿದವಳು ಮೇಲೇಳಲಿಲ್ಲ. ಇದೂ ಆಟದ ಭಾಗವೆಂದು ನೋಡುಗರು ಚಪ್ಪಾಳೆ ತಟ್ಟಿದರು. ಓಡಿಹೋದ ನನ್ನನ್ನು ಕಾವಲಿನವ ಹಿಡಿದುಕೊಂಡ.

"ಮಂದಿ ಹೋಗ್ಲಿ, ತಡಿಯವ್ವಾ. ನಿನ್ನ ಅಂಗಿ ಈಗಿನ ಕಾಲದ್ದೈತಿ, ಫೋಟೋ ಕೆಡತೈತಿ."

ಮಂದಿ ಹೋಗುವಷ್ಟರಲ್ಲಿ ಅವ್ವನ ಮೈ ತಣ್ಣಗಾಗಿತ್ತು. ಸೀರೆ ವಾಡೆಯದೆಂದು ಬಿಚ್ಚಿಕೊಂಡರು. ನನ್ನ ಹೊದಿಕೆ ಸುತ್ತಿ ಮಣ್ಣು ಮಾಡಿದೆವು.

ಮರುದಿನ ಮಂದಾಕಿನಿ ಬಂದಳು. "ನಿಮ್ಮವ್ವ ಭಾಳ ಛಲೋ ಕುಂದರತಿದ್ಲು," ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಒಗೆದು ಮಡಿಚಿದ ಅದೇ ಸೀರೆಯನ್ನು ನನ್ನ ಮಡಿಲಿಗಿಟ್ಟಳು. "ನೀ ಒಲ್ಲೆ ಅಂದ್ರ ಬ್ಯಾರೆಯವರನ್ನ ನೋಡ್ತೇವಿ. ಮನಿ ಅವರಿಗೆ ಬಿಡಬೇಕಾಗ್ತೈತಿ."

ಉಟ್ಟುಕೊಂಡೆ. ನೀರಿರುವ ಬೇರೆ ಊರು ನನಗೆ ಗೊತ್ತಿಲ್ಲ.

ನೋಡಲು ಬರುವವರಲ್ಲಿ ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಇರುತ್ತಾರೆ. ಅವರು ಹುಟ್ಟುವ ಮೊದಲೇ ನಿಮ್ಮಲ್ಲಿ ಒಂದು ಬೇಡಿಕೆ. ಎದುರಿಗೆ ಸಿಕ್ಕವರನ್ನು "ಉಂಡಿಯೇನವ್ವಾ" ಎಂದು ಕೇಳುವ ರೂಢಿಯನ್ನು ಮನೆಯಲ್ಲಿ ಬಿಡಬೇಡಿ. ಗೊಂಬೆ ಮಾತಾಡಬಾರದು, ನಾನು ಉತ್ತರ ಕೊಡಲಾರೆ.

ಆದರೂ ಅವರು ಕೇಳಲಿ.

ಶಂಕ್ರವ್ವ